ಉರುಳಿದ ಕೋಲ್‌ಸ್ಟನ್, ನಿಂತಿರುವ ಬಸವಣ್ಣ: ಬ್ರಿಟನ್ನಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಬ್ರಿಟನ್ನಿನ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಸದಸ್ಯರಿಗೆ, ಮತ್ತು ಸಭೆಗಳಿಗೆ ಬಾರದೆ ಹಬ್ಬದ ಊಟಕ್ಕೆ ಮಾತ್ರ ತಪ್ಪದೆ ಬರುವ ನನ್ನಂಥವರಿಗೆ,

ನಮಸ್ಕಾರ.

ಕಳೆದ ಬಸವ ಜಯಂತಿಯ ಊಟದ ಹೊತ್ತಿನಲ್ಲಿ ನನ್ನ ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು, ನಾನು ಬ್ರಿಸ್ಟಲ್‌ನವಳೆಂದು ತಿಳಿದ ಕೂಡಲೇ ಕೇಳಿದರು: “ಅಲ್ಲಮ್ಮ, ನಿಮ್ಮ ಊರಿನಲ್ಲಿ ಆ ಪ್ರತಿಮೆಯನ್ನು ಎಳೆದು ನೀರಿಗೆ ಹಾಕಿದರಲ್ಲ, ಅದರಿಂದ ವರ್ಣಭೇದ ಹೋಯಿತೇನು?” ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದವರೂ ಸೌಟು ಹಿಡಿದು ನಿಂತು ನಕ್ಕರು. ಹೋಳಿಗೆ ಬಿಸಿಯಾಗಿತ್ತು, ಹಿರಿಯರ ಮಾತಿನಲ್ಲಿ ಕುಹಕವೇನೂ ಇರಲಿಲ್ಲ; ನಾನೂ ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ನನ್ನ ಜೊತೆಯಲ್ಲೇ ಮನೆಗೆ ಬಂತು. ಅಂದು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊನೆಗೆ ಒಂದು ಕೋರಿಕೆಯೂ ಇದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ನೇರ ಉತ್ತರ. ಹೋಗಲಿಲ್ಲ. ಗುಲಾಮ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್‌ನ ಪ್ರತಿಮೆ ಉರುಳಿದ್ದು 2020ರ ಜೂನ್ 7ರಂದು. ನಾಲ್ಕು ವರ್ಷ ಕಳೆದು 2024ರ ಆಗಸ್ಟ್ 3ರಂದು ಇದೇ ಊರಿನಲ್ಲಿ, ಆಶ್ರಯ ಕೋರಿ ಬಂದವರನ್ನು ಇರಿಸಿದ್ದ ಹೋಟೆಲೊಂದರ ಮೇಲೆ ಗುಂಪೊಂದು ನುಗ್ಗಿತು. ಪ್ರತಿಮೆ ಬಿದ್ದ ನೀರಿನಿಂದ ಆ ಹೋಟೆಲಿಗೆ ನಡೆದೇ ಹೋಗಬಹುದು. ಊರಿನ ಕೆಲವರು ಬಾಗಿಲಿನ ಮುಂದೆ ತೋಳಿಗೆ ತೋಳು ಹೆಣೆದು ನಿಂತದ್ದರಿಂದ ಒಳಗಿದ್ದವರು ಉಳಿದರು. ಆ ರಾತ್ರಿ ನಾನು ಪಾಳಿ ಮುಗಿಸಿ ಆಸ್ಪತ್ರೆಯಿಂದ ಹೊರಟಾಗ, ಇಲ್ಲಿಗೆ ಬಂದ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಬಸ್ ಹತ್ತಲು ಹೆದರಿ ಟ್ಯಾಕ್ಸಿ ಕರೆಸಿದೆ. ಪ್ರತಿಮೆ ಬೀಳುವ ಮೊದಲೂ ನಮ್ಮ ಊರಿನ ಲೆಕ್ಕ ಚೆನ್ನಾಗಿರಲಿಲ್ಲ. ಜನಾಂಗೀಯ ಸಮಾನತೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 348 ಜಿಲ್ಲೆಗಳ ಪೈಕಿ ಬ್ರಿಸ್ಟಲ್ ಕೊನೆಯಿಂದ ಏಳನೆಯದು ಎಂದು 2017ರಲ್ಲಿ ಜನಾಂಗೀಯ ಸಮಾನತೆಯ ಅಧ್ಯಯನ ಸಂಸ್ಥೆಯಾದ ರನಿಮೀಡ್ ಟ್ರಸ್ಟ್ ಹೇಳಿತ್ತು. ಕಂಚಿನ ಮನುಷ್ಯನೊಬ್ಬ ಪೀಠದಿಂದ ಇಳಿದ ಮಾತ್ರಕ್ಕೆ ಕೆಲಸ, ಮನೆ, ಶಾಲೆಯ ಲೆಕ್ಕ ಸರಿಹೋಗುವುದಿಲ್ಲ. ಹಾಗೆ ಹೋಗುತ್ತದೆಂದು ಆ ದಿನ ಹಗ್ಗ ಹಿಡಿದವರೂ ಹೇಳಿರಲಿಲ್ಲ.

ಹಾಗಾದರೆ ನಕ್ಕವರು ಸರಿಯೇ? ಅಲ್ಲ. ಆ ಪ್ರತಿಮೆ ಅಲ್ಲಿ ನಿಂತು ಏನು ಮಾಡುತ್ತಿತ್ತು ಎಂದು ಯಾರೂ ಕೇಳಲಿಲ್ಲ.

ನಾನು ಬ್ರಿಸ್ಟಲ್‌ಗೆ ಬಂದದ್ದು 2007ರಲ್ಲಿ. ಹದಿಮೂರು ವರ್ಷ ಕೋಲ್‌ಸ್ಟನ್‌ನ ಹತ್ತಿರವೇ ಬಸ್ಸಿಗೆ ಕಾದಿದ್ದೇನೆ. ಉದ್ದ ಕೂದಲು, ಉದ್ದ ಕೋಟು, ಕೋಲಿಗೆ ಒರಗಿ ಕೆನ್ನೆಗೆ ಕೈಯಿಟ್ಟು ಯೋಚಿಸುತ್ತ ನಿಂತ ದೊಡ್ಡ ಮನುಷ್ಯ. ತಲೆಯ ಮೇಲೆ ಸದಾ ಒಂದು ಕಡಲಹಕ್ಕಿ. ಕೆಳಗಿನ ಫಲಕವನ್ನು ಒಂದು ದಿನ ಬಸ್ ತಡವಾದಾಗ ಓದಿದ್ದೆ. ಈ ನಗರದ ಅತ್ಯಂತ ಸದ್ಗುಣಿಯೂ ವಿವೇಕಿಯೂ ಆದ ಪುತ್ರರಲ್ಲಿ ಒಬ್ಬನ ನೆನಪಿಗೆ ನಗರದ ನಾಗರಿಕರು ನಿಲ್ಲಿಸಿದ್ದು, 1895, ಎಂದಿತ್ತು. ಯಾರೋ ಪುಣ್ಯಾತ್ಮ, ಶಾಲೆ ಆಸ್ಪತ್ರೆ ಕಟ್ಟಿಸಿರಬೇಕು ಎಂದುಕೊಂಡೆ. ನಮ್ಮ ದಾವಣಗೆರೆಯ ಕಡೆ ಛತ್ರ ಕಟ್ಟಿಸಿದ ಸಾಹುಕಾರರ ಫೋಟೋಗಳಿಗೆ ಹಾರ ಹಾಕಿರುತ್ತಾರಲ್ಲ, ಅಂಥವನೊಬ್ಬ.

ಶಾಲೆ ಕಟ್ಟಿಸಿದ್ದು ನಿಜ. ಹಣದ ಮೂಲವೂ ಅಷ್ಟೇ ನಿಜ. 1680ರಿಂದ 1692ರವರೆಗೆ ಅವನು ಗುಲಾಮರ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿದ್ದ, ಒಂದು ಅವಧಿಗೆ ಅದರ ಉಪ ಗವರ್ನರ್ ಕೂಡ ಆಗಿದ್ದ. ಆ ಹನ್ನೆರಡು ವರ್ಷಗಳಲ್ಲಿ ಕಂಪನಿ ಸುಮಾರು 84,000 ಆಫ್ರಿಕನ್ನರನ್ನು ಹಡಗಿಗೆ ತುಂಬಿತು. ಅವರಲ್ಲಿ ಸುಮಾರು 12,000 ಮಕ್ಕಳು. ಸುಮಾರು 19,000 ಜನ ದಡ ಕಾಣಲೇ ಇಲ್ಲ, ಹಡಗಿನಲ್ಲೇ ಸತ್ತರು. ಇದರಲ್ಲಿ ಒಂದಕ್ಷರವೂ ಆ ಫಲಕದಲ್ಲಿ ಇರಲಿಲ್ಲ.

ಪ್ರತಿಮೆ ತೆಗೆದರೆ ಇತಿಹಾಸ ಅಳಿಸಿದಂತೆ ಎನ್ನುವವರು ಒಂದು ಲೆಕ್ಕ ನೋಡಬೇಕು. ಕೋಲ್‌ಸ್ಟನ್ ಸತ್ತದ್ದು 1721ರಲ್ಲಿ. ಪ್ರತಿಮೆ ಬಂದದ್ದು 174 ವರ್ಷಗಳ ಮೇಲೆ. ಅಷ್ಟರಲ್ಲಿ ಬ್ರಿಟಿಷ್ ಸಾಮ್ರಾಜ್ಯ ಗುಲಾಮಗಿರಿಯನ್ನು ಕಾನೂನಿನಿಂದಲೇ ರದ್ದು ಮಾಡಿ ಅರವತ್ತು ವರ್ಷ ದಾಟಿತ್ತು. ಅಂದರೆ ನಿಲ್ಲಿಸಿದವರಿಗೆ ಅದು ಪಾಪದ ಹಣವೆಂದು ಗೊತ್ತಿತ್ತು. ಫಲಕದಲ್ಲಿ ‘ನಾಗರಿಕರು’ ಎಂದು ಕೆತ್ತಿದರೂ, ಪುಸ್ತಕ ಮುದ್ರಕ ಜೇಮ್ಸ್ ಆರೋಸ್ಮಿತ್ ಮುಂದೆ ನಿಂತು ಚಂದಾ ಎತ್ತಿದಾಗ ನಾಗರಿಕರ ಕಿಸೆಯಿಂದ ಪೂರ್ತಿ ಹಣ ಹುಟ್ಟಲಿಲ್ಲ. ಆ ಪ್ರತಿಮೆ ಕೋಲ್‌ಸ್ಟನ್‌ನ ಕಾಲದ ಇತಿಹಾಸವನ್ನು ಹೇಳುತ್ತಿರಲಿಲ್ಲ. 1895ರ ವ್ಯಾಪಾರಸ್ಥರು ತಮ್ಮ ಊರು ಹೇಗೆ ಕಾಣಬೇಕೆಂದು ಬಯಸಿದರೋ ಅದನ್ನು ಹೇಳುತ್ತಿತ್ತು. ಇತಿಹಾಸವನ್ನು ಅಳಿಸುವ ಕೆಲಸ ಆ ವರ್ಷವೇ ಅಚ್ಚುಕಟ್ಟಾಗಿ, ಕಂಚಿನಲ್ಲಿ, ಮುಗಿದಿತ್ತು.

“ಆಯಿತು, ಫಲಕವನ್ನು ಬದಲಿಸಬಹುದಿತ್ತಲ್ಲ, ಬೀಳಿಸುವುದೇಕೆ?” ಎಂದು ಅದೇ ಮೇಜಿನಲ್ಲಿ ಇನ್ನೊಬ್ಬರು ಕೇಳಿದ್ದರು. ನನಗೂ ಗದ್ದಲ ಇಷ್ಟವಿಲ್ಲ. ಆದರೆ ಆ ಫಲಕದ ಕತೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಪ್ರತಿಮೆಯನ್ನು ತೆಗೆಯಿರಿ ಎಂದು ಸಾವಿರಾರು ಜನ ಸಹಿ ಹಾಕಿದ ಮನವಿ ಇತ್ತು. ನಗರ ಪಾಲಿಕೆ ಮಧ್ಯದ ದಾರಿ ಹಿಡಿದು, ಪ್ರತಿಮೆ ಇರಲಿ, ಎರಡನೆಯ ಫಲಕವೊಂದನ್ನು ಹಾಕೋಣ ಎಂದಿತು. 2018ರಲ್ಲಿ ಕರಡು ಸಿದ್ಧವಾಯಿತು. ಅದು ಶುರುವಾಗುತ್ತಿದ್ದುದೇ ಆಫ್ರಿಕನ್ನರನ್ನು ಗುಲಾಮರನ್ನಾಗಿಸುವಲ್ಲಿ ಕೋಲ್‌ಸ್ಟನ್ ವಹಿಸಿದ ಸಕ್ರಿಯ ಪಾತ್ರದಿಂದ. 84,000 ಇತ್ತು, 12,000 ಮಕ್ಕಳ ಲೆಕ್ಕ ಇತ್ತು. ತನ್ನ ಧರ್ಮಶ್ರದ್ಧೆಯನ್ನೂ ರಾಜಕೀಯವನ್ನೂ ಒಪ್ಪದವರಿಗೆ ಅವನ ದಾನದಲ್ಲಿ ಪಾಲಿರಲಿಲ್ಲ ಎಂಬ ಮಾತೂ ಇತ್ತು.

ಆಮೇಲೆ ತಿದ್ದುಪಡಿ ಶುರುವಾಯಿತು. ಊರಿನ ಹಳೆಯ ವರ್ತಕರ ಸಂಘ, ಕೋಲ್‌ಸ್ಟನ್ ಸ್ವತಃ ಸದಸ್ಯನಾಗಿದ್ದ ಸೊಸೈಟಿ ಆಫ್ ಮರ್ಚೆಂಟ್ ವೆಂಚರರ್ಸ್, ಇದರಲ್ಲಿ ಕೈಹಾಕಿತು. ತಿದ್ದಿ ತಿದ್ದಿ ಎರಕಕ್ಕೆ ಹೋದ ಕೊನೆಯ ಪಾಠದ ಆರಂಭದಲ್ಲಿ ಅವನು ನಗರದ ಮಹಾದಾನಿಗಳಲ್ಲಿ ಒಬ್ಬನೆಂದಿತ್ತು. ಶಾಲೆ, ಆಸ್ಪತ್ರೆ, ಚರ್ಚುಗಳ ಪಟ್ಟಿ ಮೊದಲು ಬಂತು, ಗುಲಾಮರು ಅದರ ಹಿಂದೆ ಬಂದರು. ‘ಗುಲಾಮರನ್ನಾಗಿಸಿದ’ ಎಂಬುದು ‘ಸಾಗಣೆಯಲ್ಲಿ ಭಾಗಿಯಾಗಿದ್ದ’ ಎಂದಾಯಿತು. 12,000 ಎಂಬ ಅಂಕಿ ಹೋಗಿ ‘ಗಂಡಸರು, ಹೆಂಗಸರು, ಪುಟ್ಟ ಮಕ್ಕಳು’ ಎಂಬ ಸಾಲು ಉಳಿಯಿತು. ದಾನದಲ್ಲಿ ಪಾಲಿಲ್ಲದವರ ಮಾತು ಪೂರ್ತಿ ಮಾಯವಾಯಿತು. ಸುಳ್ಳು ಎಲ್ಲಿದೆ ಎಂದು ಕೇಳಿದರೆ ಎಲ್ಲಿಯೂ ಇಲ್ಲ. ಒಗ್ಗರಣೆ ಮಾತ್ರ ಬೇರೆ. 2019ರ ಮಾರ್ಚ್‌ನಲ್ಲಿ ಮೇಯರ್ ಮಾರ್ವಿನ್ ರೀಸ್, ಜಮೈಕಾ ಮೂಲದ ತಂದೆಯ ಮಗ, ಈ ಪಾಠ ಒಪ್ಪತಕ್ಕದ್ದಲ್ಲ ಎಂದು ತಡೆದರು. ಎರಕ ಹೊಯ್ದಿದ್ದ ಫಲಕ ಗೋಡೆ ಕಾಣಲಿಲ್ಲ. ಮುಂದೆ 2020ರಲ್ಲಿ, ಪ್ರತಿಮೆ ಬಿದ್ದ ಮೇಲೆ, ಫಲಕದ ಪಾಠವನ್ನು ತಿದ್ದಲು ತಾವು ಹೋಗಬಾರದಿತ್ತು ಎಂದು ಆ ವರ್ತಕರ ಸಂಘವೇ ಒಪ್ಪಿಕೊಂಡಿತು. ಪ್ರತಿಮೆ ಹೋದದ್ದು ಬ್ರಿಸ್ಟಲ್‌ಗೆ ಒಳ್ಳೆಯದೆಂದೂ ಹೇಳಿತು.

ಇದೇ ನನಗೆ ಮುಖ್ಯವಾದದ್ದು. ಪ್ರತಿಮೆ ನಿಂತಿರುವಷ್ಟು ದಿನ ಅದರ ಕೆಳಗೆ ನಿಜ ಬರೆಯಲು ಆ ಊರಿಗೆ ಕೈ ಬರಲಿಲ್ಲ. ಮನೆಯ ಯಜಮಾನ ಎದುರಿಗೆ ಕುಳಿತಿರುವಾಗ ಅವನ ಸಾಲದ ಮಾತು ಎತ್ತಲು ಯಾರಿಗೂ ನಾಲಿಗೆ ಏಳುವುದಿಲ್ಲವಲ್ಲ, ಹಾಗೆ. ಅವನು ಎದ್ದು ಹೋದ ಮೇಲೆ ಮಾತು ಶುರುವಾಯಿತು. ಈಗ ಖಾಲಿ ಪೀಠದ ಮೇಲಿರುವ ಹೊಸ ಫಲಕದಲ್ಲಿ ಪ್ರತಿಮೆ ಬಂದದ್ದು, ಯಾಕೆ ಪ್ರಶ್ನೆಗೊಳಗಾಯಿತೆಂಬುದು, ಬಿದ್ದದ್ದು, ಎಲ್ಲವೂ ನಾಲ್ಕೇ ಸಾಲುಗಳಲ್ಲಿವೆ.

ಬಿದ್ದ ದಿನದ ಕತೆ ನಿಮಗೆಲ್ಲ ಗೊತ್ತು. ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್‌ನ ಕತ್ತಿನ ಮೇಲೆ ಮಂಡಿಯೂರಿ ಕೊಂದು ಎರಡು ವಾರವೂ ಆಗಿರಲಿಲ್ಲ. ಜನ ಹಗ್ಗ ಹಾಕಿ ಎಳೆದರು, ಬಂದರಿನವರೆಗೆ ಉರುಳಿಸಿಕೊಂಡು ಹೋದರು, ನೀರಿಗೆ ಕೆಡವಿದರು. ಕೆಡವಿದ ಜಾಗದ ಹತ್ತಿರವೇ ಒಂದು ಕಾಲುಸೇತುವೆಯಿದೆ. ನೆವಿಸ್ ದ್ವೀಪದಿಂದ ಬ್ರಿಸ್ಟಲ್‌ಗೆ ತಂದಿದ್ದ ಪೀರೋ ಎಂಬ ಗುಲಾಮನ ಹೆಸರು ಅದಕ್ಕೆ. ನಾಲ್ಕು ದಿನಗಳ ಮೇಲೆ ಪಾಲಿಕೆಯವರು ನಸುಕಿನಲ್ಲಿ ಕ್ರೇನ್ ತಂದು ಪ್ರತಿಮೆಯನ್ನು ಎತ್ತಿದರು. ಕೆಸರು ತೊಳೆಯುವಾಗ ಒಳಗಿನಿಂದ ಒಂದು ಸೈಕಲ್ ಟೈರ್ ಬಂತು. ಕೋಟಿನ ಹಿಂಬದಿಯ ಸಂದಿಯಲ್ಲಿ ಸುರುಳಿ ಸುತ್ತಿದ 1895ರ ಒಂದು ವಾರಪತ್ರಿಕೆ ಸಿಕ್ಕಿತು. ಪ್ರತಿಮೆಯನ್ನು ಜೋಡಿಸಿದ ಕೆಲಸಗಾರರು ಅದರ ಮೇಲೆ ತಮ್ಮ ಹೆಸರು, ತಾರೀಕು ಬರೆದು ಬಚ್ಚಿಟ್ಟಿದ್ದರು. ಇಡೀ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದದ್ದು ಇದು. 125 ವರ್ಷ ‘ನಾಗರಿಕರು’ ಎಂಬ ಪದದ ಹಿಂದೆ ಅಡಗಿದ್ದ ನಾಲ್ಕಾರು ಕೂಲಿಯವರ ಹೆಸರು ಪ್ರತಿಮೆ ಬಿದ್ದದ್ದರಿಂದ ಹೊರಗೆ ಬಂತು.

ಈಗ ಅದು ಎಂ ಶೆಡ್ ವಸ್ತುಸಂಗ್ರಹಾಲಯದಲ್ಲಿದೆ. ಎಲ್ಲಿಡಬೇಕೆಂದು ಜನರನ್ನೇ ಕೇಳಿದಾಗ ಸುಮಾರು 14,000 ಜನ ಉತ್ತರಿಸಿದರು. ಊರಿನವರಲ್ಲಿ ಐವರಿಗೆ ನಾಲ್ವರು ವಸ್ತುಸಂಗ್ರಹಾಲಯವೇ ಸರಿ ಎಂದರು. ಎತ್ತಿ ನಿಲ್ಲಿಸಿಲ್ಲ, ಮಲಗಿಸಿದ್ದಾರೆ. ಕೆಂಪು, ನೀಲಿ ಬಣ್ಣ ಎರಚಿದ್ದನ್ನು ಹಾಗೆಯೇ ಬಿಟ್ಟಿದ್ದಾರೆ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಕತ್ತನ್ನು ಒಂದು ಕಡೆಗೆ ವಾಲಿಸಿ, ಮುಖಕ್ಕೆ ಮುಖ ಕೊಟ್ಟು, ಬಹಳ ಹೊತ್ತು ನೋಡಿದಳು. ಬಸ್ ನಿಲ್ದಾಣದ ಹತ್ತಿರ ನಾನು ಹದಿಮೂರು ವರ್ಷ ನೋಡಿದ್ದು ಅವನ ಬೂಟುಗಳನ್ನು ಮಾತ್ರ. “ಅಮ್ಮ, ಇವನ ಮುಖ ಸಣ್ಣದು” ಎಂದಳು. ಆಮೇಲೆ ಗೋಡೆಯ ಮೇಲಿನ ಬರಹವನ್ನು ಪೂರ್ತಿ ಓದಿ, ಹಡಗಿನಲ್ಲಿ ಸತ್ತವರನ್ನು ಏನು ಮಾಡುತ್ತಿದ್ದರು ಎಂದು ಕೇಳಿದಳು. ಇತಿಹಾಸ ಅಳಿಸಿತು ಎನ್ನುವವರು ಇದಕ್ಕೆ ಏನೆನ್ನುತ್ತಾರೋ.

ಆದರೂ ಪೀಠದಿಂದ ಇಳಿಸುವುದೇ ಹೋರಾಟ ಎಂದು ನಾನು ಒಪ್ಪುವುದಿಲ್ಲ. ಊರಿನ ಸಂಗೀತಸಭಾಂಗಣದಿಂದ ಕೋಲ್‌ಸ್ಟನ್ ಹೆಸರು ಕೆಲವೇ ತಿಂಗಳಲ್ಲಿ ಹೋಯಿತು, ಶಾಲೆಯಿಂದ ಹೋಯಿತು, ಕಟ್ಟಡದಿಂದ ಹೋಯಿತು. ಹೆಸರು ಬದಲಿಸುವುದಕ್ಕೆ ಖರ್ಚು ಕಡಿಮೆ, ಚಪ್ಪಾಳೆ ಹೆಚ್ಚು. ಬ್ರಿಸ್ಟಲ್‌ನಲ್ಲಿ ವರ್ಣಭೇದಕ್ಕೆ ನಿಜವಾಗಿ ಪೆಟ್ಟು ಬಿದ್ದದ್ದು ಕೋಲ್‌ಸ್ಟನ್ ನೆಟ್ಟಗೆ ನಿಂತಿದ್ದಾಗಲೇ, 1963ರಲ್ಲಿ. ಆಗ ಇಲ್ಲಿನ ಬಸ್ ಕಂಪನಿ ಕಪ್ಪು ಜನರನ್ನು, ಏಷ್ಯಾದವರನ್ನು ಚಾಲಕ, ನಿರ್ವಾಹಕರ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಕಾರ್ಮಿಕ ಸಂಘವೂ ಅದಕ್ಕೆ ಬೆಂಬಲ ಕೊಟ್ಟಿತ್ತು. ಪಾಲ್ ಸ್ಟೀಫನ್‌ಸನ್ ಎಂಬ ತರುಣ ಒಂದು ಉಪಾಯ ಮಾಡಿದ. ಗೈ ಬೇಲಿ ಎಂಬ ಹುಡುಗನಿಗೆ ಸಂದರ್ಶನ ಗೊತ್ತು ಮಾಡಿಸಿದ. ಅವನು ವೆಸ್ಟ್ ಇಂಡೀಸ್‌ನವನೆಂದು ತಿಳಿದ ತಕ್ಷಣ ಸಂದರ್ಶನ ರದ್ದಾಯಿತು. ಏಪ್ರಿಲ್ 30ರಿಂದ ಜನ ಬಸ್ ಹತ್ತುವುದನ್ನು ನಿಲ್ಲಿಸಿದರು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಸೆಪ್ಟೆಂಬರ್ 17ರಂದು ಮೊದಲ ಬಿಳಿಯೇತರ ನಿರ್ವಾಹಕ ಕೆಲಸಕ್ಕೆ ಬಂದ. ಅವನ ಹೆಸರು ರಘುಬೀರ್ ಸಿಂಗ್. ನಮ್ಮ ಭಾರತದ ಕಡೆಯವನೇ. ಆ ಚಳವಳಿಯ ಬಿಸಿ ಲಂಡನ್ ಮುಟ್ಟಿ 1965ರಲ್ಲಿ ಮೊದಲ ಜನಾಂಗೀಯ ತಾರತಮ್ಯ ವಿರೋಧಿ ಕಾನೂನು ಬಂತು. 1968ರಲ್ಲಿ ಅದು ಕೆಲಸಕ್ಕೂ ಮನೆಗೂ ವಿಸ್ತರಿಸಿತು. ನಾವು ಇಂದು ಇಲ್ಲಿ ವೈದ್ಯರಾಗಿ, ಇಂಜಿನಿಯರ್‌ಗಳಾಗಿ, ನನ್ನಂತೆ ನರ್ಸ್‌ಗಳಾಗಿ ತಲೆಯೆತ್ತಿ ನಡೆಯುತ್ತಿರುವುದು ಆ ಎರಡು ಕಾನೂನುಗಳ ಮೇಲೆ. ಬಸ್ ಹತ್ತದೆ ನಾಲ್ಕು ತಿಂಗಳು ನಡೆದವರ ಋಣ ನಮ್ಮ ಮೇಲಿದೆ.

ಹಾಗಾಗಿ, ಹಿರಿಯರೇ, ಪ್ರತಿಮೆ ಇಳಿದರೆ ಬಾಯಿ ಬಿಡುತ್ತದೆ, ಬಾಯಿ ಬಿಟ್ಟ ಮೇಲೆ ಕಾನೂನು ಕೇಳಬೇಕು. ಮೊದಲನೆಯದಕ್ಕೇ ನಿಂತರೆ ನೀವು ನಕ್ಕದ್ದು ಸರಿ.

ಈಗ ನಮ್ಮ ಪ್ರತಿಮೆಗೆ ಬರುತ್ತೇನೆ. ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ, ಬಸವಣ್ಣ ಇದ್ದಾನೆ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲರು ವರ್ಷಗಟ್ಟಲೆ ಓಡಾಡಿ ನಿಲ್ಲಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ನಾವೆಲ್ಲ ಹೆಮ್ಮೆಪಟ್ಟೆವು, ಈಗಲೂ ಪಡುತ್ತೇನೆ. ಅದೇ 2015ರಲ್ಲಿ ಇನ್ನೊಂದು ಸಂಗತಿಯೂ ಸದ್ದಿಲ್ಲದೆ ನಡೆಯಿತು. ಗುಲಾಮಗಿರಿ ರದ್ದಾದಾಗ ಬ್ರಿಟಿಷ್ ಸರ್ಕಾರ ಗುಲಾಮರ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತ್ತು. ಗುಲಾಮರಿಗೆ ಬಿಡಿಗಾಸೂ ಇಲ್ಲ. ಅದಕ್ಕೆ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ 2007ರಿಂದ ಎಂಟು ವರ್ಷ ನನ್ನ ಸಂಬಳದಿಂದ ಹಿಡಿದ ತೆರಿಗೆಯೂ ಅದರಲ್ಲಿ ಸೇರಿದೆ, ನಿಮ್ಮದೂ ಸೇರಿದೆ. “ಅದು ಅವರ ಇತಿಹಾಸ, ನಮಗೇಕೆ?” ಎಂದು ಊಟದ ಮೇಜಿನಲ್ಲಿ ಹೇಳಿದವರಿಗಾಗಿ ಇದನ್ನು ಬರೆದೆ.

ಬಸವಣ್ಣನ ಜಯಂತಿಯಲ್ಲಿ ನಾನು ಕೇಳಿದ ಭಾಷಣಗಳಲ್ಲಿ ಅನುಭವ ಮಂಟಪ ಜಗತ್ತಿನ ಮೊದಲ ಸಂಸತ್ತಾಗಿರುತ್ತದೆ, ಕಾಯಕ ಬರುತ್ತದೆ, ದಾಸೋಹ ಬರುತ್ತದೆ. ಸ್ಥಾವರ ಜಂಗಮದ ಮಾತಂತೂ ಬಂದೇ ಬರುತ್ತದೆ, ಪ್ರತಿಮೆಯ ಮುಂದೆಯೇ ನಿಂತು ಹೇಳಿದರೂ ಯಾರಿಗೂ ಮುಜುಗರವಾಗುವುದಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆ ಮಾತ್ರ ಬರುವುದಿಲ್ಲ. ಆ ಮದುವೆಗಾಗಿ ಕಲ್ಯಾಣ ಹೊತ್ತಿ ಉರಿದದ್ದೂ ಬರುವುದಿಲ್ಲ. ‘ಜಾತಿ’ ಎಂಬ ಪದ ‘ಸಾಮಾಜಿಕ ಸಮಾನತೆ’ ಎಂದಾಗಿರುತ್ತದೆ. ನಮ್ಮಲ್ಲೂ ಫಲಕದ ಸಮಿತಿಯೊಂದು ಕುಳಿತಿದೆ. ಒಗ್ಗರಣೆ ಅದೇ.

ಎರಡು ವರ್ಷಗಳ ಹಿಂದಿನ ಮಾತು. ಊರಿನಿಂದ ಓದಲು ಬಂದ ಹುಡುಗಿಯೊಬ್ಬಳಿಗೆ ಬಾಡಿಗೆಗೆ ಕೋಣೆ ಬೇಕಿತ್ತು. ಕನ್ನಡದವರದೇ ಮನೆ, ನಾನೇ ಹೇಳಿ ಕಳಿಸಿದ್ದೆ. ಮನೆಯಾಕೆ ಕಾಫಿ ಕೊಟ್ಟು, ಊರು ಕೇಳಿ, ತಂದೆಯ ಹೆಸರು ಕೇಳಿ, “ನೀವು ಯಾವ ಪೈಕಿ?” ಎಂದಿದ್ದಾರೆ. ಹುಡುಗಿ ಮುಚ್ಚಿಡದೆ ಹೇಳಿದ್ದಾಳೆ. ಸಂಜೆ ನನಗೆ ಫೋನ್ ಬಂತು: “ಕೋಣೆ ಬೇರೆಯವರಿಗೆ ಹೇಳಿಬಿಟ್ಟಿದ್ದೆವು, ಮರೆತೇ ಹೋಗಿತ್ತು.” ಕೋಣೆ ಮತ್ತೆ ಎರಡು ತಿಂಗಳು ಖಾಲಿಯೇ ಇತ್ತು. ಆ ಮನೆಯ ಹಜಾರದಲ್ಲಿ ಬಸವಣ್ಣನ ಚಿತ್ರವಿದೆ, ನಾನು ನೋಡಿದ್ದೇನೆ. ಹುಡುಗಿ ನನಗೆ ಹೇಳಿದ್ದು ಇಷ್ಟೇ: “ಅಕ್ಕ, ಬಿಳಿಯರ ಮನೆ ಇದ್ದರೆ ನೋಡಿ.”

ಬಣ್ಣದ ಕಾರಣಕ್ಕೆ ಇದೇ ಕೋಣೆಯನ್ನು ನಿರಾಕರಿಸಿದ್ದರೆ ಅವಳು ಕಾನೂನಿನ ಹೆಸರು ಹೇಳಿ ಕೇಳಬಹುದಿತ್ತು. ಜಾತಿಯ ಕಾರಣಕ್ಕೆ ಕೇಳಲು ಹಾಗೆ ನೇರವಾದ ಪದವಿಲ್ಲ. 2010ರ ಸಮಾನತಾ ಕಾಯ್ದೆಯಲ್ಲಿ ಜಾತಿಯನ್ನು ಜನಾಂಗದ ಒಂದು ಅಂಶವೆಂದು ಸೇರಿಸಲೇಬೇಕೆಂದು 2013ರಲ್ಲಿ ಬ್ರಿಟನ್ನಿನ ಸಂಸತ್ತು ಹೇಳಿತು. ಸರ್ಕಾರ ಎಳೆದಾಡಿ, 2017ರಲ್ಲಿ ಜನಾಭಿಪ್ರಾಯ ಕೇಳಿತು. 16,000ಕ್ಕೂ ಹೆಚ್ಚು ಉತ್ತರಗಳು ಬಂದವು. ದಲಿತ ಸಂಘಟನೆಗಳು ಬೇಕೆಂದವು, ಹಲವು ಹಿಂದೂ ಸಂಘಟನೆಗಳು ಬೇಡವೆಂದವು. 2018ರಲ್ಲಿ ಸರ್ಕಾರ ಕೈಬಿಟ್ಟಿತು. ನ್ಯಾಯಮಂಡಳಿಯ 2014ರ ತೀರ್ಪೊಂದರ ಪ್ರಕಾರ ಕೆಲವು ಸಂದರ್ಭಗಳಲ್ಲಿ ಜಾತಿಯೂ ‘ಜನಾಂಗೀಯ ಮೂಲ’ದೊಳಗೆ ಬರಬಹುದು, ಅಷ್ಟು ಸಾಕು ಎಂದಿತು. ‘ಬರಬಹುದು’ ಎಂಬುದನ್ನು ಹಿಡಿದುಕೊಂಡು ಇಪ್ಪತ್ತೆರಡರ ಹುಡುಗಿ ವಕೀಲರ ಬಳಿ ಹೋಗಬೇಕಂತೆ. ಥೇಮ್ಸ್ ದಂಡೆಯಲ್ಲಿ ಬಸವಣ್ಣ ನಿಂತು ಆಗಲೇ ಹತ್ತಿರ ಹತ್ತಿರ ಮೂರು ವರ್ಷವಾಗಿತ್ತು, ನದಿಯ ಆಚೆ ದಡದಲ್ಲಿ ಆ ಸಂಸತ್ತು. ನನ್ನ ಮಟ್ಟಿಗೆ ಹೇಳುವುದಾದರೆ, ಆಗ ನಾನೂ ಒಂದು ಸಾಲು ಬರೆದು ಕಳಿಸಲಿಲ್ಲ.

ಬಸವಣ್ಣನ ಪ್ರತಿಮೆ ಬೇಡವೆಂದು ನಾನು ಹೇಳುತ್ತಿಲ್ಲ, ಯಾರೂ ಹಾಗೆ ತಿರುಚಬೇಡಿ. ಕೋಲ್‌ಸ್ಟನ್ ಬೀಳಬೇಕಿತ್ತು, ಬಸವಣ್ಣ ಅಲ್ಲಿರಬೇಕು. ಆದರೆ ಪ್ರತಿಮೆ ಬಿದ್ದು ಏನಾಯಿತು ಎಂದು ಬ್ರಿಸ್ಟಲ್‌ನವರನ್ನು ಕೇಳುವ ನಾವು, ನಮ್ಮದು ನಿಂತು ಏನಾಯಿತು ಎಂಬುದಕ್ಕೂ ಒಂದು ಉತ್ತರ ಸಿದ್ಧವಿಟ್ಟುಕೊಳ್ಳಬೇಕಲ್ಲವೇ?

ನನ್ನ ಕೋರಿಕೆ ಇದು. 2013ರಲ್ಲಿ ಸಂಸತ್ತು ಒಪ್ಪಿದ್ದನ್ನು ಜಾರಿಗೆ ತನ್ನಿ ಎಂದು ಸರ್ಕಾರಕ್ಕೆ ಒಂದು ಪತ್ರ ಹೋಗಬೇಕು, ಬ್ರಿಟನ್ನಿನ ಕನ್ನಡ ಸಂಘಗಳ ಹೆಸರಿನಲ್ಲಿ. ಕರಡು ಬರೆದಿದ್ದೇನೆ, ಎರಡು ಪುಟ. ಅದರಲ್ಲಿ ‘ಜಾತಿ’ ಎಂಬ ಪದ ಏಳು ಸಲ ಬಂದಿದೆ. ತಿದ್ದುವವರು ವ್ಯಾಕರಣವನ್ನು ಧಾರಾಳವಾಗಿ ತಿದ್ದಿ, ಆ ಏಳನ್ನು ಮಾತ್ರ ಮುಟ್ಟಬೇಡಿ. ಮುಂದಿನ ಬಸವ ಜಯಂತಿಗೆ ಅದರ ಪ್ರತಿಗಳನ್ನು ತಂದು ಊಟದ ಮೇಜಿನ ಮೇಲೆ, ತಟ್ಟೆಗಳ ಪಕ್ಕದಲ್ಲಿ, ಇಡುತ್ತೇನೆ. ಪೆನ್ನನ್ನೂ ನಾನೇ ತರುತ್ತೇನೆ. ಮೊದಲ ಸಹಿ ಆ ಪ್ರಶ್ನೆ ಕೇಳಿದ ಹಿರಿಯರದ್ದಾಗಲಿ ಎಂದು ಆಸೆ. ಎರಡನೆಯ ಸಹಿ ಹಾಕಲು ಆ ಹುಡುಗಿ ಬರುತ್ತಾಳೆ, ಕೇಳಿದ್ದೇನೆ, ಒಪ್ಪಿದ್ದಾಳೆ. ದಯವಿಟ್ಟು ಅವಳನ್ನು ಯಾವ ಪೈಕಿ ಎಂದು ಯಾರೂ ಕೇಳಬೇಡಿ.

ನಿಮ್ಮವಳೇ ಆದ,
ಬ್ರಿಸ್ಟಲ್‌ನ ಒಬ್ಬ ಕನ್ನಡತಿ